ಕಲ್ಪವೃಕ್ಷದ ಸೀಮೆಯಲ್ಲಿ ಕೊಡುವ ಕೈ

ದೇವಾಲಯದ ಕಟ್ಟಡದ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಬಲ್ಲವರು ಬರೆದಿದ್ದಾರೆ. ನಾವಾದರೋ ಬಾಗಿಲ ಬಳಿಯ ಬಡವರ ಪೆಟ್ಟಿಗೆಯನ್ನು ಕುರಿತು ನಾಲ್ಕು ಮಾತು ಬರೆಯಬಯಸುತ್ತೇವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಜನರು ನೆರೆಯ ಬಡವನಿಗೆ ಏಕೆ ಕೊಡುತ್ತಾರೆ?

ಹಸಿವಿನ ನೆನಪೇ ಮೊದಲ ಕಾರಣವೆಂದು ನಮಗೆ ತೋರುತ್ತದೆ. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ನಡುವೆ ಬಂದದ್ದು 1876-78ರ ಮಹಾಕ್ಷಾಮ, ಧಾತು-ಈಶ್ವರ ಸಂವತ್ಸರಗಳ ಬರ. 1877ರಲ್ಲಿ ಲಂಡನ್ನಿನಲ್ಲಿ ಮ್ಯಾನ್ಷನ್ ಹೌಸ್ ನಿಧಿಯು ತೆರೆಯಿತು. ಅದು ಸಾಮಾನ್ಯ ಉಪಕಾರವಲ್ಲ. ಆದರೆ ಅಲ್ಲಿ ಕೊಟ್ಟವರು ಇಲ್ಲಿ ಉಂಡವರ ಮುಖವನ್ನು ಕಾಣಲಿಲ್ಲ.

ನಮ್ಮ ನಾಡಿನ ರೂಢಿ ಬೇರೆ. ವಾರಾನ್ನದ ಹುಡುಗನು ಮನೆಯ ಪಂಕ್ತಿಯಲ್ಲೇ ಕುಳಿತು ಉಣ್ಣುತ್ತಿದ್ದನು. 1917ರಲ್ಲಿ ಉದ್ದಾನ ಶಿವಯೋಗಿಗಳ ಕಾಲದಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದ ಸಿದ್ಧಗಂಗಾ ಮಠದ ದಾಸೋಹವೂ ಇದೇ ಹಾದಿಯಲ್ಲಿ ಬೆಳೆಯಿತು. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು ಹಳ್ಳಿಹಳ್ಳಿಗೆ ಭಿಕ್ಷೆಗೆ ಹೊರಟರು. 2019ರಲ್ಲಿ ಅವರು ಲಿಂಗೈಕ್ಯರಾಗುವಷ್ಟರಲ್ಲಿ ಅಲ್ಲಿ ಸಾವಿರಾರು ಮಕ್ಕಳು ಜಾತಿಭೇದವಿಲ್ಲದೆ ಉಂಡು ಓದುತ್ತಿದ್ದರು. ರಾಗಿಯನ್ನೂ ತೆಂಗಿನಕಾಯಿಯನ್ನೂ ಕಳುಹಿಸಿದ ರೈತನಿಗೆ ತನ್ನ ಊರಿನ ಬಡ ಹುಡುಗನೂ ಆ ಎಲೆಯ ಮುಂದೆ ಕುಳಿತಿರುವನೆಂಬುದು ಗೊತ್ತಿತ್ತು. ಅನ್ಯಮತದ ಗುರುಗಳಾದ ನಾವು ಇದನ್ನು ಗೌರವದಿಂದಲೇ ಹೇಳುತ್ತಿದ್ದೇವೆ.

ತೆಂಗು ಅಜ್ಜನ ಬೆಳೆ. ನೆಟ್ಟವನೊಬ್ಬ, ಕೀಳುವವನು ಮತ್ತೊಬ್ಬ. ಫಲವೆಲ್ಲ ತನ್ನ ಬೆವರಿನದೇ ಎಂದು ತೋಟದವನು ಸಾಧಿಸಲಾರ. ಕೊಡುವಾಗ ಕೈ ಸಡಿಲವಾಗುವುದಕ್ಕೆ ಇದೂ ಒಂದು ಕಾರಣವಿದ್ದೀತು. ಆದರೆ 2012ರಿಂದೀಚಿನ ಬರಗಳಲ್ಲಿ ಆ ಅಜ್ಜಂದಿರ ಮರಗಳೇ ಸುಳಿ ಒಣಗಿ ನಿಂತವು. 2023ರಲ್ಲಿ ಉಂಡೆಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದರೂ ತಿಪಟೂರಿನ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತು. ಅಂತಹ ಕಾಲದಲ್ಲೂ ಬಡವರ ಪೆಟ್ಟಿಗೆ ಬರಿದಾಗಲಿಲ್ಲ.

ಅದನ್ನು ಬರಿದುಮಾಡಿದವರು ನಾವೇ. ಕೊಡುಗೆ ಹೆಚ್ಚಲೆಂದು ಒಂದು ವರ್ಷ ದಾನಿಗಳ ಹೆಸರನ್ನೂ ಮೊತ್ತವನ್ನೂ ಪೂಜೆಯ ಕೊನೆಯಲ್ಲಿ ಓದತೊಡಗಿದೆವು. 1833ರಲ್ಲಿ ಪ್ಯಾರಿಸ್ಸಿನಲ್ಲಿ, ಇಪ್ಪತ್ತು ವರ್ಷದ ಫ್ರೆಡರಿಕ್ ಓಜಾನಮ್ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ಡಿ ಪಾಲರ ಸಭೆಯಲ್ಲಿ ಯಾರೆಷ್ಟು ಹಾಕಿದರೆಂದು ತಿಳಿಯದಂತೆ ಚೀಲ ಸುತ್ತುತ್ತದೆಂಬುದನ್ನು ಗುರುಮಠದಲ್ಲೇ ಓದಿದ್ದವರು ನಾವು! ದೊಡ್ಡ ಮೊತ್ತಗಳೇನೋ ಬಂದವು. ಎರಡು ಕಾಯಿ ತರುತ್ತಿದ್ದ ಕೂಲಿಯ ಹೆಂಗಸರು ಮಾತ್ರ ಬರುವುದನ್ನು ನಿಲ್ಲಿಸಿದರು. ಕೇಳಿದಾಗ ಒಬ್ಬಾಕೆ, "ಎರಡು ಕಾಯಿಯನ್ನು ಏನೆಂದು ಓದುತ್ತೀರಿ ಸ್ವಾಮಿ?" ಎಂದರು.

ಮರುವಾರವೇ ಆ ಪಟ್ಟಿಯನ್ನು ಹರಿದೆವು. ಅವರು ಮರಳಿ ಬರುವುದಕ್ಕೆ ಎಂಟು ತಿಂಗಳು ಹಿಡಿಯಿತು. ಈಗ ಬೆಳಗಿನ ಗಂಟೆ ಹೊಡೆಯಲು ಹೋದಾಗ ಹಿಂಬಾಗಿಲ ಜಗಲಿಯ ಮೇಲೆ ಕಾಯಿಗಳಿರುತ್ತವೆ, ಕೆಲವು ಸಿಪ್ಪೆಸಹಿತ. ಯಾರು ಇಟ್ಟರೆಂದು ನಾವು ವಿಚಾರಿಸುವುದಿಲ್ಲ.