ಹತ್ತು ದಾಳಿಂಬೆಗಳು

ವ್ಯಾಕರಣಶಾಸ್ತ್ರವನ್ನು ಓದಿದವರು ಪತಂಜಲಿಯ ಮಹಾಭಾಷ್ಯದಲ್ಲಿ ದಾಳಿಂಬೆಯನ್ನು ಒಂದು ವಿಚಿತ್ರ ಸಂದರ್ಭದಲ್ಲಿ ಸಂಧಿಸುವರು. ಪರಸ್ಪರ ಸಂಬಂಧವಿಲ್ಲದ ಪದಗಳ ಸಮೂಹವು ಅರ್ಥವನ್ನು ಕೊಡಲಾರದೆಂಬುದಕ್ಕೆ ಭಾಷ್ಯಕಾರನು ಕೊಟ್ಟಿರುವ ಉದಾಹರಣೆಯಲ್ಲಿ ಹತ್ತು ದಾಳಿಂಬೆಗಳು, ಆರು ಅಪೂಪಗಳು, ಒಂದು ಕುಂಡ, ಒಂದು ಆಡಿನ ಚರ್ಮ ಇವೆಲ್ಲ ಸಾಲಾಗಿ ಬರುವುವು. ಒಂದೊಂದು ಪದಕ್ಕೂ ಅರ್ಥವುಂಟು. ಒಟ್ಟಿಗೆ ಏನೂ ಇಲ್ಲ. ನಾವು ಪಾಠಶಾಲೆಯಲ್ಲಿದ್ದಾಗ ಅಸಂಬದ್ಧವಾಗಿ ಮಾತನಾಡಿದ ಸಹಪಾಠಿಯನ್ನು 'ದಶದಾಡಿಮ'ನೆಂದೇ ಕರೆದು ನಗುತ್ತಿದ್ದೆವು.

ಈಗ ಈ ಹಣ್ಣಿನ ಚರಿತ್ರೆಯನ್ನು ಬರೆಯಹೊರಟಾಗ ಅದೇ ಬಿರುದು ನನಗೂ ಸಂದೀತೆಂಬ ಅಂಜಿಕೆಯಿದೆ. ಸಂಗ್ರಹಿಸಿದ ಸಂಗತಿಗಳು ಬಹಳ; ಅವುಗಳನ್ನು ಒಂದು ವಾಕ್ಯವಾಗಿ ಕೂಡಿಸುವ ಕ್ರಿಯಾಪದ ಯಾವುದು? ಅದನ್ನು ಹುಡುಕುವುದೇ ಈ ಲೇಖನದ ಉದ್ದೇಶವು.

ದಾಳಿಂಬೆಯ ಮೂಲಸ್ಥಾನವು ಇರಾಣದಿಂದ ಹಿಮಾಲಯದ ತಪ್ಪಲಿನವರೆಗೆ ಹಬ್ಬಿರುವ ಪ್ರದೇಶವೆಂದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ಪಶ್ಚಿಮ ಹಿಮಾಲಯದ ಬೆಟ್ಟಗಳಲ್ಲಿ ಅದು ಇಂದಿಗೂ ಕಾಡುಗಿಡವಾಗಿ ಬೆಳೆಯುವುದು. ಅದರ ಹುಳಿಯಾದ ಕಾಳನ್ನೇ ಒಣಗಿಸಿ 'ಅನಾರ್‌ದಾನಾ' ಎಂದು ಮಾರುವರು. ಸಂಸ್ಕೃತದ ದಾಡಿಮವೇ ನಮ್ಮ ದಾಳಿಂಬೆ, ಮರಾಠಿಯ ಡಾಳಿಂಬ, ತೆಲುಗಿನ ದಾನಿಮ್ಮ. ಅಮರಸಿಂಹನು ಇದಕ್ಕೆ 'ಕರಕ'ವೆಂಬ ಪರ್ಯಾಯವನ್ನು ಹೇಳಿರುವನು. ಹಲ್ಲಿನಂತಹ ಕಾಳುಳ್ಳುದರಿಂದ 'ದಂತಬೀಜ'ವೆಂದೂ, ಗಿಳಿಗಳಿಗೆ ಪ್ರಿಯವಾದುದರಿಂದ 'ಶುಕವಲ್ಲಭ'ವೆಂದೂ ಹೆಸರುಗಳುಂಟು. ಚರಕಸಂಹಿತೆಯು ದಾಡಿಮವನ್ನು ಹೃದ್ಯವಾದ ದ್ರವ್ಯಗಳಲ್ಲಿಯೂ ಶ್ರಮಹರವಾದ ದ್ರವ್ಯಗಳಲ್ಲಿಯೂ ಎಣಿಸಿದೆ. 16ನೆಯ ಶತಮಾನದ ಭಾವಪ್ರಕಾಶವು ಸಿಹಿ, ಹುಳಿಸಿಹಿ, ಹುಳಿ ಎಂದು ಹಣ್ಣನ್ನು ಮೂರು ವಿಧವಾಗಿ ವಿಂಗಡಿಸಿದೆ.

ಕಾಡಿನ ಹುಳಿಯು ಹಿತ್ತಿಲಿನ ಸಿಹಿಯಾಗಿ ಉಳಿದು ಬಂದುದು ಹೇಗೆ? ಸಿಹಿಯಾದ ಹಣ್ಣಿನ ಬೀಜವನ್ನು ಬಿತ್ತಿದರೆ ತಾಯಿಯಂತಹುದೇ ಗಿಡವು ಬರುವುದೆಂಬ ಭರವಸೆಯಿಲ್ಲ; ಬೀಜದಿಂದ ಹುಟ್ಟಿದುದು ಬೇರೆ ಗುಣವನ್ನು ತೋರುವುದು. ಗುಣವು ಉಳಿಯಬೇಕಾದರೆ ರೆಂಬೆಯನ್ನೇ ಕಡಿದು ನೆಡಬೇಕು. ಕ್ರಿ.ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ ಹಲಸು, ಬಾಳೆ, ನೇರಳೆ, ದ್ರಾಕ್ಷೆ ಮೊದಲಾದವುಗಳೊಡನೆ ದಾಡಿಮವನ್ನೂ ಕಾಂಡದಿಂದ ನೆಡತಕ್ಕವುಗಳ ಸಾಲಿನಲ್ಲಿ ಸೇರಿಸಿ, ಗೋಮಯವನ್ನು ಬಳಿದು ನೆಡಬೇಕೆಂದು ವಿಧಿಸಿರುವನು. ಎಂದರೆ, ಒಂದು ಮನೆಯವರು ಕೊಡದೆ ಇನ್ನೊಂದು ಮನೆಯವರಿಗೆ ಆ ಹಣ್ಣು ದೊರೆಯುವಂತಿರಲಿಲ್ಲ. 7ನೆಯ ಶತಮಾನದಲ್ಲಿ ಭರತಖಂಡವನ್ನು ಸಂಚರಿಸಿದ ಚೀನಾ ಯಾತ್ರಿಕ ಹ್ಯೂಯೆನ್‌ತ್ಸಾಂಗನು ದಾಳಿಂಬೆಯನ್ನು ಎಲ್ಲೆಲ್ಲಿಯೂ ಬೆಳೆಯುವರೆಂದು ಬರೆದಿಟ್ಟನಷ್ಟೆ. ಆ 'ಎಲ್ಲೆಲ್ಲಿಯೂ' ಎಂಬ ಮಾತಿನ ಹಿಂದೆ ಎಷ್ಟು ಸಾವಿರ ಕೈಗಳು ಎಷ್ಟು ಸಾವಿರ ರೆಂಬೆಗಳನ್ನು ಕೊಟ್ಟಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸನು ಅಲ್ಲಿಯ ಪೇಟೆಯ ಬೆಲೆಗಳನ್ನು ಬರೆಯುತ್ತ, ಒಂದು ಪಣಕ್ಕೆ ಹತ್ತು ದಾಳಿಂಬೆಗಳೆಂದು ಹೇಳಿರುವನು. ಭಾಷ್ಯಕಾರನ ಹತ್ತು ದಾಳಿಂಬೆಗಳಿಗೆ ಹದಿನೇಳು ಶತಮಾನಗಳ ತರುವಾಯ ಹಂಪೆಯ ಬೀದಿಯಲ್ಲಿ ಒಂದು ಸಂಬಂಧವು ದೊರೆಯಿತು, ಅದು ಕ್ರಯವಿಕ್ರಯದ ಸಂಬಂಧ. ನಮ್ಮ ಕಾಲದಲ್ಲಿ ಆ ಸಂಬಂಧವೇ ಬೆಳೆದು ದೊಡ್ಡದಾಗಿದೆ. 1936ರಲ್ಲಿ ಪುಣೆಯ ಗಣೇಶಖಿಂಡದಲ್ಲಿ ಆರಿಸಿದ ತಳಿಯು 'ಗಣೇಶ'ವೆಂದು ಪ್ರಸಿದ್ಧವಾಯಿತು. ಈಚೆಗೆ ಕಡುಗೆಂಪಾದ 'ಭಗವಾ' ತಳಿಯು ತೋಟಗಳನ್ನು ಆಕ್ರಮಿಸಿದೆ. ಕೊಪ್ಪಳ, ಬಾಗಲಕೋಟೆ, ವಿಜಯಪುರ, ಚಿತ್ರದುರ್ಗದ ರೈತರು ಇದರಿಂದ ಸಂಪತ್ತನ್ನು ಕಂಡರು. ದುಂಡಾಣು ಅಂಗಮಾರಿ ರೋಗದಿಂದ ತೋಟಗಳನ್ನೇ ಕಿತ್ತುಹಾಕುವ ಸಂಕಟವನ್ನೂ ಕಂಡರು. 2005ರಲ್ಲಿ ಸೊಲ್ಲಾಪುರದಲ್ಲಿ ಈ ಹಣ್ಣಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು.

ಆದರೆ ಪೇಟೆಗೆ ಬಾರದ ದಾಳಿಂಬೆಗಳೂ ಉಂಟು. ನಮ್ಮ ಹಿತ್ತಿಲಿನದು ಅಂತಹುದು. ಸಿಪ್ಪೆಯು ಹಳದಿ, ಬಿಸಿಲು ತಗಲಿದ ಕಡೆ ಮಾತ್ರ ನಸುಗೆಂಪು, ಕಾಳು ತೆಳುಗೆಂಪು, ರುಚಿ ಹುಳಿಸಿಹಿ. ಯಾವ ಅಂಗಡಿಯವನೂ ಇದನ್ನು ಕೊಳ್ಳಲಾರನು. ನಮ್ಮ ತಾಯಿಯವರು ಮದುವೆಯಾಗಿ ಬಂದ ಮೇಲೆ ತವರಿನಿಂದ ಒಂದು ರೆಂಬೆಯನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ತಂದು, ಬಾವಿಯ ಬಳಿ ನೆಟ್ಟಿದ್ದರು. ಬೃಹತ್ಸಂಹಿತೆಯ ಹೆಸರನ್ನೂ ಅವರು ಕೇಳಿರಲಿಲ್ಲ. ರೆಂಬೆಗೆ ಸಗಣಿಯನ್ನು ಮಾತ್ರ ತಪ್ಪದೆ ಬಳಿದಿದ್ದರಂತೆ.

ಹಣ್ಣನ್ನು ಕೊಯ್ಯುವುದರಲ್ಲಿ ಅವರದು ಬಹಳ ಕಟ್ಟುನಿಟ್ಟು. ಹೂವಾದ ಮೇಲೆ ಐದಾರು ತಿಂಗಳು ಕಾಯಬೇಕು. ದಾಳಿಂಬೆಯು ಮಾವಿನಂತೆ ಕೊಯ್ದ ಮೇಲೆ ಹಣ್ಣಾಗತಕ್ಕುದಲ್ಲ. ಗಿಡದಲ್ಲಿ ಎಷ್ಟು ಪಕ್ವವಾಯಿತೋ ಅಷ್ಟೇ ಅದರ ಭಾಗ್ಯ. ದುಂಡಗಿದ್ದ ಮೈಯಲ್ಲಿ ಏಣುಗಳು ಮೂಡಿ, ತುದಿಯ ಕಿರೀಟವು ಒಳಮುಖವಾಗಿ ಮಡಿಚಿ, ಬೆರಳಿನಿಂದ ತಟ್ಟಿದಾಗ ಲೋಹದ ಪಾತ್ರೆಯಂತೆ ಧ್ವನಿಗೈದರೆ ಕೊಯ್ಯಬಹುದು. ಎಳೆದು ಕೀಳಬಾರದು, ತೊಟ್ಟನ್ನು ಸ್ವಲ್ಪ ಉಳಿಸಿ ಕತ್ತರಿಸಬೇಕು. ಕೆಲದಿನ ನೀರು ಮರೆತು ಒಮ್ಮೆಲೆ ಸುರಿದರೆ ಹಣ್ಣು ಬಿರಿಯುವುದು. ಅದು ಅಳಿಲಿನ ಪಾಲು. ಪತಂಗದ ಹುಳು ಕೊರೆಯದಂತೆ ಎಳೆಗಾಯಿಗಳಿಗೆ ಹಳೆಯ ಪಂಚೆಯ ತುಂಡುಗಳನ್ನು ಕಟ್ಟುತ್ತಿದ್ದರು. ಮೊದಲ ಹಣ್ಣು ದೇವರಿಗೆ. ಎರಡನೆಯದು ಬೀದಿಯಲ್ಲಿ ಜ್ವರ ಬಿಟ್ಟು ಎದ್ದವರಿಗೆ. ಆಮೇಲೆ ನಮ್ಮ ಮೊಸರನ್ನಕ್ಕೆ. ಕಿರೀಟವನ್ನು ಕೊಯ್ದು, ಏಣುಗಳ ಉದ್ದಕ್ಕೆ ಗೀರಿ ಬಿಡಿಸಿದರೆ ಒಂದು ಕಾಳೂ ಒಡೆಯುತ್ತಿರಲಿಲ್ಲ. ಹಿತ್ತಾಳೆಯ ತಟ್ಟೆಗೆ ಕಾಳು ಉದುರುವ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ತಾಯಿಯವರು ಕಾಲವಾದರು. ತವರಿನ ಮನೆ ಪರರ ಪಾಲಾಗಿ ಅಲ್ಲಿಯ ಮೂಲಗಿಡವೂ ಹೋಯಿತು. 2016ರಲ್ಲಿ ನಮ್ಮ ಗಿಡಕ್ಕೂ ಸೊರಗುರೋಗವು ತಗಲಿ, ಎಲೆ ಹಳದಿಯಾಗಿ, ರೆಂಬೆಗಳು ಒಂದೊಂದಾಗಿ ಒಣಗಿದುವು. ಬೀಜಗಳನ್ನು ಬಿತ್ತಿ ನೋಡಿದೆನು. ಹುಟ್ಟಿದ ಗಿಡವು ಕೊಟ್ಟುದು ಬೇರೆಯೇ ಹಣ್ಣು. ಅಷ್ಟರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದು, "ಮೇಷ್ಟ್ರೇ, ಅಮ್ಮನವರು ಕೊಟ್ಟಿದ್ದ ರೆಂಬೆ ನಮ್ಮ ಮನೆಯಲ್ಲಿ ಗಿಡವಾಗಿದೆಯಲ್ಲಾ" ಎಂದನು. ನಾನು ಅದನ್ನು ಮರೆತೇಬಿಟ್ಟಿದ್ದೆನು. ಅವನು ತಂದ ರೆಂಬೆಯನ್ನು ಬೇರೊಂದು ನೆಲದಲ್ಲಿ ನೆಟ್ಟೆನು. ಈ ವರ್ಷ ಅದರಲ್ಲಿ ಹತ್ತೇ ಹಣ್ಣುಗಳಾದುವು.

ಮಹಾಭಾಷ್ಯದ ಹತ್ತಕ್ಕೆ ಕ್ರಿಯಾಪದವಿರಲಿಲ್ಲ. ಪಾಯೆಸನ ಹತ್ತಕ್ಕೆ 'ಮಾರು' ಎಂಬುದು ದೊರೆಯಿತು. ನಮ್ಮ ಹತ್ತು ಮರಳಿ ಬಂದುದು 'ಕೊಡು' ಎಂಬುದರಿಂದ. ಬಚ್ಚಿಟ್ಟಿದ್ದರೆ ಈ ಹಣ್ಣಿನ ವಂಶವೇ ಅಳಿದುಹೋಗುತ್ತಿತ್ತು. ಮೃಗಶಿರಾ ಮಳೆ ಬಿದ್ದಾಗ ಗಿಡವನ್ನು ಸವರುವೆನು. ನಮ್ಮ ಸಂಘದ ಬಂಧುಗಳಲ್ಲಿ ಯಾರಿಗೆ ಬೇಕಾದರೂ ರೆಂಬೆಗಳು ಸಿದ್ಧವಾಗಿರುವುವು. ಒದ್ದೆಬಟ್ಟೆಯೊಂದನ್ನು ತಂದರೆ ಸಾಕು.