‘ಸರ್ವರ್ ಇಲ್ಲ, ನಾಳೆ ಬನ್ನಿ’: ಅಬ್ಸರ್ವೆಬಿಲಿಟಿ ಅಂದ್ರೇನು, ಅದು ಯಾಕೆ ರಾಜಕೀಯ ಪ್ರಶ್ನೆ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನಾಡಕಚೇರಿ, ನ್ಯಾಯಬೆಲೆ ಅಂಗಡಿಗಳಲ್ಲಿ ‘ಸರ್ವರ್ ಇಲ್ಲ’ ಅನ್ನೋ ಮಾತು ಹೊಸದಲ್ಲ. ಕೈಕೊಟ್ಟಿದ್ದು ಸರ್ವರ್ರೋ, ನೆಟ್‌ವರ್ಕೋ, ಆಧಾರ್ ದೃಢೀಕರಣವೋ? ಕೌಂಟರಿನಲ್ಲಿ ಕೂತವರಿಗೂ ಗೊತ್ತಿರಲ್ಲ. ಬೈಗುಳ ಮಾತ್ರ ಅವರಿಗೇ. ಇದನ್ನು ಪತ್ತೆಹಚ್ಚುವ ವಿದ್ಯೆಯೇ ಅಬ್ಸರ್ವೆಬಿಲಿಟಿ.

ಏನಿದು?
ಪದ ಬಂದದ್ದು ನಿಯಂತ್ರಣ ಸಿದ್ಧಾಂತದಿಂದ. 1960ರ ಸುಮಾರಿಗೆ ರುಡಾಲ್ಫ್ ಕಾಲ್ಮನ್ ಅದನ್ನು ರೂಪಿಸಿದರು. ಹೊರಗೆ ಕಾಣುವ ಸುಳಿವುಗಳಿಂದ ಒಳಗಿನ ಸ್ಥಿತಿ ತಿಳಿಯುವುದು ಇದರ ಸಾರ. ಸುಳಿವು ಮುಖ್ಯವಾಗಿ ಮೂರು. ಲಾಗ್: ನಡೆದದ್ದರ ದಿನಚರಿ. ಮೆಟ್ರಿಕ್: ನಿಮಿಷಕ್ಕೆ ಎಷ್ಟು ಕೋರಿಕೆ ಬಂತು, ಎಷ್ಟು ವಿಫಲವಾಯ್ತು ಅನ್ನೋ ಅಂಕಿ. ಟ್ರೇಸ್: ಒಂದೇ ಕೋರಿಕೆ ಯಾವ ಯಾವ ವ್ಯವಸ್ಥೆ ದಾಟಿತು, ಎಲ್ಲಿ ಎಷ್ಟು ಹೊತ್ತು ನಿಂತಿತು ಅನ್ನೋ ಜಾಡು.

ಕಾವೇರಿ ಕಲಿಸಿದ್ದು
2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಕುಸಿದು ರಾಜ್ಯದ ಸಬ್‌ರಿಜಿಸ್ಟ್ರಾರ್ ಕಚೇರಿಗಳಲ್ಲಿ ಜನ ಪರದಾಡಿದರು. ಜನರ ಕಣ್ಣಿಗೆ ಅದೂ ಇನ್ನೊಂದು ‘ಸರ್ವರ್ ಡೌನ್’. ಪರಿಶೀಲಿಸಿದಾಗ, ನಕಲಿ ಖಾತೆಗಳಿಂದ ಋಣಭಾರ ಪ್ರಮಾಣಪತ್ರದ ಹುಡುಕಾಟದ ಕೋರಿಕೆಗಳನ್ನು ರಾಶಿರಾಶಿ ಸುರಿದ ಡಿಡಾಸ್ ದಾಳಿ ಅದು ಅಂತ ಸರ್ಕಾರ ಹೇಳಿತು. ಪೊಲೀಸ್ ದೂರೂ ದಾಖಲಾಯ್ತು. ಯಾವ ಖಾತೆ, ಯಾವ ಐಪಿ ವಿಳಾಸ ಅಂತ ಹೇಳೋದು ಲಾಗ್ ಮಾತ್ರ.

ಈಗಿನ ದಿಕ್ಕು
2019ರಲ್ಲಿ ಓಪನ್‌ಟ್ರೇಸಿಂಗ್, ಓಪನ್‌ಸೆನ್ಸಸ್ ಎರಡೂ ಸೇರಿ ಓಪನ್‌ಟೆಲಿಮೆಟ್ರಿ ಆಯ್ತು. ಸುಳಿವು ಸಂಗ್ರಹಕ್ಕೆ ಇದು ಮುಕ್ತ ಮಾನದಂಡ. ಒಂದೇ ಕಂಪನಿಯ ಜುಟ್ಟಿಗೆ ಸಿಕ್ಕಿಕೊಳ್ಳಬೇಕಿಲ್ಲ. ಇಬಿಪಿಎಫ್ ಬಳಸಿದರೆ ತಂತ್ರಾಂಶದ ಕೋಡ್ ಮುಟ್ಟದೆ ಲಿನಕ್ಸ್ ಕರ್ನಲ್ ಮಟ್ಟದಲ್ಲೇ ಸುಳಿವು ಹಿಡಿಯಬಹುದು. ಎಲ್ಲವನ್ನೂ ಕೂಡಿಟ್ಟರೆ ಖರ್ಚು ವಿಪರೀತ. ಹಾಗಾಗಿ ಆಯ್ದು ಇಡೋದು, ರಾಶಿಯಲ್ಲಿ ಅಸಹಜವಾದದ್ದನ್ನು ಎಐನಿಂದ ಹುಡುಕಿಸೋದು ಹೆಚ್ಚುತ್ತಿದೆ.

ನಮ್ಮ ಪ್ರಶ್ನೆ
ಸಕಾಲ ಕಾಯ್ದೆ 2011ರದ್ದು. ಆದರೆ ಅದರ ಗಡಿಯಾರ ಓಡೋದು ಅರ್ಜಿ ಸ್ವೀಕಾರವಾದ ಮೇಲೆ. ಸರ್ವರ್ ಇಲ್ಲದೆ ಅರ್ಜಿಯೇ ಒಳಗೆ ಹೋಗದಿದ್ದರೆ ಆ ದಿನ ಸಕಾಲದ ಲೆಕ್ಕಕ್ಕೇ ಬರಲ್ಲ. ಕೋಟೆಯ ಹಾಡಿಯಿಂದ ಕೂಲಿ ಬಿಟ್ಟು ಬಂದವರ ನಷ್ಟ ಯಾವ ಡ್ಯಾಶ್‌ಬೋರ್ಡಿನಲ್ಲಿದೆ?

ನನ್ನ ಪ್ರಕಾರ ಕೇಳಬೇಕಾದ್ದು ಇಷ್ಟು: ಪ್ರತಿ ಸೇವೆ ಯಾವ ತಾಲ್ಲೂಕಿನಲ್ಲಿ ಎಷ್ಟು ಹೊತ್ತು ನಿಂತಿತ್ತು, ಯಾಕೆ ಅನ್ನೋದು ಎಲ್ಲರೂ ನೋಡುವಂಥ ಪುಟದಲ್ಲಿ ಇರಲಿ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಸ್ವಯಂಪ್ರೇರಿತ ಪ್ರಕಟಣೆಯನ್ನೇ ಹೇಳುತ್ತದೆ. ಜನರ ಆಧಾರ್ ಸಂಖ್ಯೆ ಮಾತ್ರ ಲಾಗ್‌ಗಳಲ್ಲಿ ಉಳಿಯಬಾರದು. ಕಾಣಬೇಕಾದ್ದು ವ್ಯವಸ್ಥೆ, ಜನರಲ್ಲ.