ಮುಂಗಾರಿನ ಹೊಸ್ತಿಲಲ್ಲಿ ಅಂಡಮಾನ್: ಮಳೆಗಿಂತ ಕಡಲಿನ ಲೆಕ್ಕ ಮುಖ್ಯ

ಪ್ರತಿ ವರ್ಷ ಮೇ ತಿಂಗಳಿನಲ್ಲಿ ‘ಅಂಡಮಾನ್‌ಗೆ ಮುಂಗಾರು ಪ್ರವೇಶ’ ಎಂಬ ಸುದ್ದಿ ಪ್ರಕಟವಾಗುತ್ತದೆ. ರಾಜ್ಯದ ರೈತರಿಗೆ ಅದು ಶುಭ ಸಮಾಚಾರ. ಆದರೆ ಮಕ್ಕಳ ಬೇಸಿಗೆ ರಜೆ ಮುಗಿಯುವ ಮುನ್ನ ದ್ವೀಪಗಳನ್ನು ನೋಡಿ ಬರಲು ಟಿಕೆಟ್ ಕಾಯ್ದಿರಿಸಿದ ಕುಟುಂಬಗಳಿಗೆ ಅದೇ ಸುದ್ದಿ ಆತಂಕ ತರುತ್ತದೆ. ಹೋಗುವುದೋ, ಬಿಡುವುದೋ?

ಹೋಗಬಹುದು. ಆದರೆ ಚಳಿಗಾಲದ ಪ್ರವಾಸದ ವೇಳಾಪಟ್ಟಿಯನ್ನೇ ಮಳೆಗಾಲಕ್ಕೂ ಅನ್ವಯಿಸಿದರೆ ಕಷ್ಟ ತಪ್ಪಿದ್ದಲ್ಲ.

ಮುಂಗಾರು ಸಾಮಾನ್ಯವಾಗಿ ಮೇ ಮೂರನೇ ವಾರದ ಹೊತ್ತಿಗೆ ಅಂಡಮಾನ್ ಸಮುದ್ರವನ್ನು ತಲುಪುತ್ತದೆ. 2025ರಲ್ಲಿ ಮೇ 13ರಂದೇ ನಿಕೋಬಾರ್ ದ್ವೀಪಗಳನ್ನು ಮುಟ್ಟಿತ್ತು. ಇಲ್ಲಿನ ವಾರ್ಷಿಕ ಮಳೆ ಸುಮಾರು 3000 ಮಿ.ಮೀ. ಮಂಗಳೂರಿನಲ್ಲಿ ಇದಕ್ಕಿಂತ ತುಸು ಹೆಚ್ಚೇ ಮಳೆಯಾಗುತ್ತದೆ. ಆದರೆ ಕರಾವಳಿಯ ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದರೆ, ಅಂಡಮಾನ್‌ನಲ್ಲಿ ಮುಂಗಾರು, ಹಿಂಗಾರು ಎರಡೂ ಸೇರಿ ಮೇ ತಿಂಗಳಿನಿಂದ ಡಿಸೆಂಬರ್‌ವರೆಗೆ ಹಂಚಿಕೊಳ್ಳುತ್ತವೆ. ಆರಂಭದ ದಿನಗಳಲ್ಲಿ ಒಂದೆರಡು ಗಂಟೆ ಜೋರಾಗಿ ಸುರಿದು, ಬಳಿಕ ಬಿಸಿಲು ಕಾಣಿಸಿಕೊಳ್ಳುವುದೂ ಉಂಟು.

ದ್ವೀಪವಾಸಿಗಳಿಗೆ ಈ ಮಳೆ ಬೇಕೇ ಬೇಕು. ರಾಜಧಾನಿಗೆ ನೀರುಣಿಸುವ ಧನಿಕಾರಿ ಅಣೆಕಟ್ಟು ಬೇಸಿಗೆಯ ಕೊನೆಗೆ ಬರಿದಾಗತೊಡಗುತ್ತದೆ. ಮಳೆ ತಡವಾದರೆ ನಲ್ಲಿ ನೀರಿಗೆ ಕತ್ತರಿ ಬೀಳುತ್ತದೆ. ಪ್ರವಾಸಿಗ ಬೇಸರಿಸುವ ಮೋಡವನ್ನು ಊರು ಎದುರು ನೋಡುತ್ತಿರುತ್ತದೆ.

ತೊಂದರೆ ಕೊಡುವುದು ಕಡಲು

ಪೋರ್ಟ್‌ಬ್ಲೇರ್‌ನಿಂದ (2024ರಿಂದ ಶ್ರೀ ವಿಜಯಪುರಂ) ಸ್ವರಾಜ್ ದ್ವೀಪ, ಶಹೀದ್ ದ್ವೀಪಗಳಿಗೆ ಹೋಗಲು ಜನಸಾಮಾನ್ಯರಿಗೆ ಹಡಗೇ ಗತಿ. ಹ್ಯಾವ್‌ಲಾಕ್ ಹಾಗೂ ನೀಲ್ ಎಂದು ಹೆಸರಾಗಿದ್ದ ಇವಕ್ಕೆ 2018ರಲ್ಲಿ ಮರುನಾಮಕರಣವಾಯಿತು. ಮಳೆ ಎಷ್ಟೇ ಸುರಿದರೂ ಹಡಗು ಹೊರಡಬಹುದು. ಗಾಳಿ ಬೀಸಿ ಅಲೆ ಎದ್ದರೆ ಹೊರಡುವುದಿಲ್ಲ. ಬಂದರಿನಲ್ಲಿ ಎಚ್ಚರಿಕೆ ಸಂಕೇತ ಏರಿದರೆ ಸಂಚಾರ ಸ್ಥಗಿತ. ಎಷ್ಟು ದಿನವೆಂದು ಯಾರೂ ಹೇಳಲಾರರು.

2016ರ ಡಿಸೆಂಬರ್‌ನಲ್ಲಿ ಬಿರುಗಾಳಿಯಿಂದಾಗಿ ಈ ಎರಡು ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಲುಕಿದ್ದರು. ನೌಕಾಪಡೆ ಮತ್ತು ಕರಾವಳಿ ರಕ್ಷಣಾ ಪಡೆಯ ಹಡಗುಗಳು ಅವರನ್ನು ಕರೆತರಬೇಕಾಯಿತು. ಮೇ ತಿಂಗಳೂ ಬಂಗಾಳ ಕೊಲ್ಲಿಯ ಪಾಲಿಗೆ ಚಂಡಮಾರುತದ ಕಾಲವೇ: ಅಂಫಾನ್ (2020), ಯಾಸ್ (2021), ಮೋಖಾ (2023) ಮೂರೂ ಮೇ ತಿಂಗಳಿನಲ್ಲೇ ಎದ್ದವು.

ಆದ್ದರಿಂದ ಹೊರ ದ್ವೀಪಗಳನ್ನು ಪ್ರವಾಸದ ಮೊದಲ ದಿನಗಳಲ್ಲೇ ನೋಡಿ ಮುಗಿಸುವುದು ಲೇಸು. ಹಿಂದಿರುಗುವ ವಿಮಾನಕ್ಕೆ ಮೊದಲು ಕನಿಷ್ಠ ಒಂದು ದಿನ, ಸಾಧ್ಯವಾದರೆ ಎರಡು ದಿನ, ರಾಜಧಾನಿಯಲ್ಲೇ ಇರುವಂತೆ ಯೋಜಿಸಬೇಕು. ಬೆಳಗ್ಗೆ ಹಡಗಿನಲ್ಲಿ ಬಂದು ಮಧ್ಯಾಹ್ನ ವಿಮಾನ ಹತ್ತುವ ಲೆಕ್ಕಾಚಾರ ಈ ಋತುವಿನಲ್ಲಿ ಜೂಜು. ಹಡಗು ರದ್ದಾದರೆ ಹಣ ಮರಳುವುದೇ, ವಸತಿಗೃಹದಲ್ಲಿ ದಿನಾಂಕ ಬದಲಿಸಲಾಗುವುದೇ ಎಂಬುದನ್ನು ಮುಂಗಡ ನೀಡುವ ಮೊದಲೇ ಕೇಳಿ ತಿಳಿಯಬೇಕು. ಋತುವಿನ ರಿಯಾಯಿತಿ ದರದ ಆಕರ್ಷಣೆಯಲ್ಲಿ ಈ ಪ್ರಶ್ನೆ ಮರೆಯುವವರೇ ಹೆಚ್ಚು.

ಯಾವ ತೀರ, ಯಾವ ದಿಕ್ಕು?

ನೈಋತ್ಯ ಮಾರುತ ಮೊದಲು ಬಡಿಯುವುದು ಪಶ್ಚಿಮದ ತೀರಗಳಿಗೆ. ಸ್ವರಾಜ್ ದ್ವೀಪದ ಹೆಸರಾಂತ ರಾಧಾನಗರ ಕಡಲತೀರ ಪಶ್ಚಿಮಕ್ಕೆ ಮುಖ ಮಾಡಿದೆ. ಚಳಿಗಾಲದಲ್ಲಿ ಕೆರೆಯಂತಿರುವ ನೀರು ಈಗ ಉಕ್ಕುತ್ತಿರುತ್ತದೆ. ಪೂರ್ವದ ಕಾಲಾಪತ್ಥರ್, ವಿಜಯನಗರ ತೀರಗಳು ಹೋಲಿಕೆಯಲ್ಲಿ ಶಾಂತ. ಕೆಂಪು ಬಾವುಟ ಕಂಡಲ್ಲಿ, ಮೊಸಳೆ ಎಚ್ಚರಿಕೆ ಫಲಕವಿದ್ದಲ್ಲಿ ನೀರಿಗಿಳಿಯಬಾರದು. ಇದು ಔಪಚಾರಿಕ ಸೂಚನೆಯಲ್ಲ. 2010ರಲ್ಲಿ ರಾಧಾನಗರದ ಬಳಿ ಅಮೆರಿಕದ ಪ್ರವಾಸಿಯೊಬ್ಬರು ಉಪ್ಪುನೀರಿನ ಮೊಸಳೆಗೆ ಬಲಿಯಾಗಿದ್ದರು.

ಹವಳ ನೋಡುವ ಆಸೆಯುಳ್ಳವರು ತುಸು ನಿರಾಸೆಗೆ ಸಿದ್ಧರಿರಬೇಕು. ಅಲೆ ಮರಳನ್ನು ಕದಡುವುದರಿಂದ ನೀರಿನಡಿ ದೂರದವರೆಗೆ ಕಾಣುವುದಿಲ್ಲ.

ಕಡಲು ಬಿಡದ ದಿನಗಳಿಗೆ ರಾಜಧಾನಿಯಲ್ಲೇ ಸಾಕಷ್ಟಿದೆ. 1906ರಲ್ಲಿ ಪೂರ್ಣಗೊಂಡ ಸೆಲ್ಯುಲರ್ ಜೈಲಿನ ಏಳು ಕವಲುಗಳಲ್ಲಿ ಈಗ ಉಳಿದಿರುವುದು ಮೂರು. ಕಾಲಾಪಾನಿಯ ಶಿಕ್ಷೆ ಎಂದರೇನೆಂಬುದು ಜನಜಂಗುಳಿಯಿಲ್ಲದ ಮಳೆಯ ಮಧ್ಯಾಹ್ನ, ಆ ಕೋಣೆಯೊಳಗೆ ನಿಂತಾಗ ಹೆಚ್ಚು ಅರ್ಥವಾದೀತು. ಸಂಜೆಯ ಧ್ವನಿ–ಬೆಳಕು ಪ್ರದರ್ಶನ ಬಯಲಿನಲ್ಲಿ ನಡೆಯುವುದರಿಂದ ಅದನ್ನು ಮಾತ್ರ ಮಳೆಯ ಮರ್ಜಿಗೆ ಬಿಡಬೇಕು. ಚಾಥಮ್‌ನ ಹಳೆಯ ಸಾಮಿಲ್ಲು, ಮಾನವಶಾಸ್ತ್ರ ವಸ್ತುಸಂಗ್ರಹಾಲಯ, ಸಮುದ್ರಿಕಾ ವಸ್ತುಸಂಗ್ರಹಾಲಯಗಳೂ ನಗರದಲ್ಲೇ ಇವೆ.

ದ್ವೀಪಗಳು ದೂರದ ಪೂರ್ವದಲ್ಲಿದ್ದರೂ ಗಡಿಯಾರ ಭಾರತೀಯ ಕಾಲಮಾನವನ್ನೇ ಅನುಸರಿಸುತ್ತದೆ. ಮೇ ತಿಂಗಳಿನಲ್ಲಿ ಬೆಳಗಿನ ಐದರ ಸುಮಾರಿಗೆ ಸೂರ್ಯೋದಯ, ಸಂಜೆ ಆರಕ್ಕೆಲ್ಲ ಕತ್ತಲು. ಮೋಡ ಕವಿದರೆ ಇನ್ನೂ ಬೇಗ. ಏಳಕ್ಕೆ ಎದ್ದು ಒಂಬತ್ತಕ್ಕೆ ತಿಂಡಿ ಮುಗಿಸುವವರಿಗೆ ಆ ದಿನದ ಒಳ್ಳೆಯ ಬೆಳಕು ಅರ್ಧ ಕಳೆದಿರುತ್ತದೆ.